ಟ್ಯಾಂಕಿನ ಮುಚ್ಚಳದ ಗಂಧ

ಪುತ್ತೂರು ಪೇಟೆ ದಾಟಿ ಸುಳ್ಯದ ಕಡೆ ಹೊರಟರೆ ಮಾರ್ಗದ ಬದಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅದು ಮೂಸಕುಂಞಿಯವರದ್ದು. ಡೀಸೆಲ್ ಎಂಜಿನು ನಮ್ಮ ಕಡೆಗೆ ಬಂದ ಹೊಸತು ಅದು. ಲಾರಿಯೇ ಆಗಲಿ, ನೀರಿನ ಪಂಪೇ ಆಗಲಿ, ಅಕ್ಕಿ ಮಿಲ್ಲೇ ಆಗಲಿ, ಹಟ ಹಿಡಿದು ಕೂತರೆ ಜನ ಮೊದಲು ಹೇಳುತ್ತಿದ್ದದ್ದು, "ಮೂಸಾಕನನ್ನು ಕರೆಯಿರಿ" ಎಂದೇ. ಅವರು ಬಂದವರೇ ಎಂಜಿನಿಗೆ ಕಿವಿ ಕೊಟ್ಟು ಕೂರುತ್ತಿದ್ದರು, ಪಂಡಿತರು ನಾಡಿ ಹಿಡಿದ ಹಾಗೆ. ಆಮೇಲೆ ಒಂದೇ ಒಂದು ಮಾತು. ಆ ಮಾತು ತಪ್ಪಿದ್ದನ್ನು ಕಂಡವರಿರಲಿಲ್ಲ. ಆ ಹೆಸರೇ ಕೊನೆಗೆ ಅವರ ಕುತ್ತಿಗೆಗೆ ಬಂತು.

ಮಂಡೆಕೋಲಿನಲ್ಲಿ ದೇರಣ್ಣ ಗೌಡರು ಆ ವರ್ಷವೇ ಅಕ್ಕಿ ಮಿಲ್ಲು ಹಾಕಿಸಿದ್ದರು. ಎಂಜಿನು ನೋಡಿಕೊಳ್ಳುವ ಕೆಲಸ ಚನಿಯಪ್ಪನದ್ದು. ಮಾತು ಕಡಿಮೆ, ತೋಳು ಗಟ್ಟಿ. ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ಬೀಸಿದನೆಂದರೆ ದೊಡ್ಡ ಚಕ್ರ ತಾನಾಗಿಯೇ ಓಡುತ್ತಿತ್ತು. ಪುತ್ತೂರಿನಿಂದ ಡೀಸೆಲ್ ತರುವುದೂ ಅವನೇ, ಟ್ಯಾಂಕಿಗೆ ಹೊಯ್ಯುವುದೂ ಅವನೇ.

ಎಂಜಿನಿಗೆ ಅದು ಮೊದಲ ಆಯುಧ ಪೂಜೆ. ದೇರಣ್ಣನವರ ತಾಯಿ ದುಗ್ಗಮ್ಮನಿಗೆ ಆ ಎಂಜಿನು ಮನೆಗೆ ಬಂದ ಹೊಸ ಸೊಸೆಯ ಹಾಗೆ. ಟ್ಯಾಂಕು ತುಂಬಿಸಿ, ಮೈ ಒರಸಿ, ದಾಸವಾಳದ ಮಾಲೆ ಹಾಕಿಸಿದರು. ಹಣೆ ಯಾವುದೆಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಕಂಡದ್ದು ಟ್ಯಾಂಕಿನ ದುಂಡು ಮುಚ್ಚಳ. ಅದರ ನಡುವೆ ಒಂದು ಸಣ್ಣ ತೂತು, ಬೊಟ್ಟು ಇಡಲೆಂದೇ ಕೊರೆದ ಹಾಗೆ. ದುಗ್ಗಮ್ಮ ಗಂಧವನ್ನು ದಪ್ಪಕ್ಕೆ ತೇದು ಅಲ್ಲಿಗೇ ಹಚ್ಚಿ, ಮೇಲೆ ಕುಂಕುಮ ಒತ್ತಿದರು. ಅದು ತಾನಾಗಿ ಉದುರುವವರೆಗೆ ಯಾರೂ ಒರಸಬಾರದು ಎಂದೂ ಹೇಳಿದರು.

ಹಬ್ಬ ಕಳೆದು ಮಿಲ್ಲು ತೆರೆದ ದಿನ ಎಂಜಿನು ಸ್ವಲ್ಪ ಹೊತ್ತು ಓಡಿತು, ಕೆಮ್ಮಿತು, ನಿಂತಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಚನಿಯಪ್ಪ ಬೀಸಿದ, ಬೀಸಿದ. ಚಕ್ರ ತಿರುಗುತ್ತದೆ, ಎಂಜಿನಿಗೆ ಜೀವ ಬರುವುದಿಲ್ಲ. ಬೇಯಿಸಿ ಒಣಗಿಸಿದ ಭತ್ತ ಹೊತ್ತು ತಂದವರು ಗೋಣಿಗಳ ಮೇಲೆ ಕೂತು ಅವನಿಗೆ ತಮಾಷೆ ಮಾಡತೊಡಗಿದರು. ಒನಕೆಯಾದರೆ ಇಷ್ಟು ಹೊತ್ತಿಗೆ ಗಂಜಿಯೂ ಬೇಯುತ್ತಿತ್ತು ಮಾರಾಯ, ಎಂದು ಒಬ್ಬ ನಗಿಸಿದ. ದೇರಣ್ಣನವರು ಪುತ್ತೂರಿಗೆ ಆಳು ಕಳಿಸಿದರು.

ಮೂಸಕುಂಞಿ ಬಂದರು. ಹ್ಯಾಂಡಲ್ ಬೀಸಲು ಹೇಳಿ ಕಿವಿ ಕೊಟ್ಟರು. ಒಳಗೆ ಎಣ್ಣೆ ಚಿಮ್ಮಿದರೆ ನಾಝಲ್ಲಿನಿಂದ ಕಿರ್ ಕಿರ್ ಎಂದು ಕೇಳಬೇಕು. ಕೇಳಲಿಲ್ಲ. ಹೊಗೆಯ ಕೊಳವೆ ನೋಡಿದರು, ಬಿಳಿಯೂ ಇಲ್ಲ, ಕರಿಯೂ ಇಲ್ಲ. ಅಂದರೆ ಎಣ್ಣೆ ಒಳಗೆ ಹೋಗುತ್ತಲೇ ಇಲ್ಲ. ಪಂಪಿನ ಹತ್ತಿರ ಪೈಪು ಸಡಿಲಿಸಿದರು. ಒಂದೆರಡು ಹನಿ ತೊಟ್ಟಿಕ್ಕಿ ನಿಂತುಹೋಯಿತು. ಇನ್ನು ಪೈಪಿನ ಬೆನ್ನು ಹಿಡಿದು ಮೇಲೆ ಹೋಗಬೇಕು. ಅವರ ಕೈ ಅಭ್ಯಾಸದಿಂದ ಟ್ಯಾಂಕಿನ ಮುಚ್ಚಳದವರೆಗೂ ಹೋಯಿತು.

ಅಲ್ಲಿ ಗಂಧ, ಕುಂಕುಮ, ಬಾಡಿದ ದಾಸವಾಳ. ತನ್ನದು ಗ್ರೀಸು ಮೆತ್ತಿದ ಕೈ. ಇನ್ನೊಬ್ಬರ ಪೂಜೆಯ ಮೇಲೆ ಈ ಕೈ ಇಡುವುದು ಹೇಗೆ ಎಂದುಕೊಂಡು ಹಿಂದೆ ತೆಗೆದರು. ಅದು ಮರ್ಯಾದೆಯೇ, ಇಲ್ಲವೆನ್ನಲಾಗದು. ಆದರೆ ದುಗ್ಗಮ್ಮ ಅಂಗಳದಲ್ಲೇ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸುತ್ತ ಜನ ಬಾಯಿ ನೋಡುತ್ತಾ ನಿಂತಿರುವಾಗ, ಹೇಳಿದ ಮಾತು ತಪ್ಪದ ಮೂಸಾಕ ಒಬ್ಬ ಅಜ್ಜಿಯ ಅಪ್ಪಣೆಗೆ ಕಾಯುವುದೇ?

ಬಗ್ಗಿ ಕೆಳಗಿನ ಫಿಲ್ಟರ್ ಬಿಚ್ಚಿದರು. ಅಂಗೈಗೆ ಬಿದ್ದ ಎಣ್ಣೆಯಲ್ಲಿ ನೀರಿನ ನಾಲ್ಕು ಮಣಿಗಳು ಹೊಳೆದವು. ಮಳೆಗಾಲ ಕಳೆದ ಮೇಲೆ ಯಾವ ಎಂಜಿನಿನಲ್ಲೂ ಅಷ್ಟು ನೀರು ಇದ್ದೇ ಇರುತ್ತದೆ. ಅದು ಅವರಿಗೆ ಗೊತ್ತಿತ್ತು. ಆದರೂ ಅಂಗೈಯನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು.

"ನೀರು ಉಂಟು. ಎಣ್ಣೆಗೆ ನೀರು ಸೇರಿಸಿದ್ದಾರೆ."

ಯಾರು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಡೀಸೆಲ್ ತರುವವನು ಒಬ್ಬನೇ. ಕಣ್ಣುಗಳೆಲ್ಲ ಅವನ ಕಡೆ ತಿರುಗಿದವು. ಎಣ್ಣೆ ಮಾರಿ ನೀರು ತುಂಬಿಸಿದನೆಂದು ಬಾಯಿ ಬಿಡದೆಯೇ ತೀರ್ಮಾನವಾಯಿತು. ಚನಿಯಪ್ಪ ಹ್ಯಾಂಡಲನ್ನು ಗೋಡೆಗೆ ಒರಗಿಸಿದ.

"ಮೂಸಾಕ, ಒಂದ್ಸಲ ಮೇಲಿಂದ ನೋಡಿ. ಮುಚ್ಚಳ ತೆಗ್ದು ನೋಡಿ" ಎಂದ.

"ನಾನು ನೋಡಿದ್ದು ಸಾಕು ಮಾರಾಯ. ನಂಗೆ ನೀನು ಕಲಿಸುದು ಬೇಡ."

ಅವನು ಹೆಗಲ ಬೈರಾಸು ಕೊಡವಿಕೊಂಡು ಗದ್ದೆಯ ಬದುವಿಗೆ ಇಳಿದ. ಯಾರೂ ಕರೆಯಲಿಲ್ಲ.

ಇತ್ತ ದೇರಣ್ಣನವರು ತಾಯಿಯನ್ನು ಕೇಳಿ ಮುಚ್ಚಳ ತೆಗೆದು, ಹಳೆ ಎಣ್ಣೆ ಬಸಿದು, ತಾವೇ ತಂದ ಹೊಸತು ಹೊಯ್ದರು. ಮೂಸಕುಂಞಿ ಆಗ ಫಿಲ್ಟರ್ ತೊಳೆಯುತ್ತಾ ಆಚೆ ತಿರುಗಿದ್ದರು. ಬೀಸಿದ ಕೂಡಲೇ ಎಂಜಿನು ಹಿಡಿಯಿತು. ಗೋಣಿಗಳ ಮೇಲಿನವರು ಎದ್ದು ನಿಂತರು. ಮೂಸಕುಂಞಿ ಕಾಫಿ ಕುಡಿದು, ಗೌಡರು ಕೊಟ್ಟ ಬಾಳೆಗೊನೆ ಹೊತ್ತು, ಹೊಗಳಿಕೆಯನ್ನೂ ಹೊತ್ತು ಬಸ್ಸು ಹತ್ತಿದರು.

ಆ ದಿನ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟಿದ್ದರು. ಮರುದಿನ ದೇರಣ್ಣನವರು ಅದನ್ನು ಬಿಗಿಯಾಗಿ ತಿರುಗಿಸಿದರು. ಎಂಜಿನು ಮತ್ತೆ ಕೆಮ್ಮಿತು, ನಿಂತಿತು.

ಎರಡನೇ ಸಲ ಬಂದಾಗ ಮೂಸಕುಂಞಿಗೆ ದೂರಲು ಯಾರೂ ಸಿಗಲಿಲ್ಲ. ಚನಿಯಪ್ಪ ಇಲ್ಲ. ಎಣ್ಣೆ ದೇರಣ್ಣನವರೇ ತಂದದ್ದು. ಫಿಲ್ಟರಿನಲ್ಲಿ ನೀರಿನ ಒಂದು ಮಣಿಯೂ ಇಲ್ಲ. ಈ ಸಲ ದುಗ್ಗಮ್ಮನನ್ನು ಕೇಳಿಯೇ ಮುಚ್ಚಳಕ್ಕೆ ಕೈ ಹಾಕಿದರು. ತಿರುಗಿಸುತ್ತಿದ್ದ ಹಾಗೆ ಒಳಗಿನಿಂದ ಸುಯ್ ಎಂದು ಉಸಿರೆಳೆದ ಸದ್ದು. ಅಷ್ಟು ಸಾಕಿತ್ತು. ಮುಚ್ಚಳದ ತೂತಿನಿಂದ ಗಾಳಿ ಒಳಗೆ ಹೋದರೆ ಮಾತ್ರ ಎಣ್ಣೆ ಕೆಳಗೆ ಇಳಿಯುತ್ತದೆ. ಆ ತೂತಿನಲ್ಲಿ ಗಂಧ ಒಣಗಿ ಕಲ್ಲಾಗಿತ್ತು. ಅವರ ಕಿವಿ ಬಿಸಿಯಾಯಿತು. ಬೆನ್ನು ಜನರ ಕಡೆಗಿತ್ತು, ಮುಖ ಯಾರಿಗೂ ಕಾಣಲಿಲ್ಲ.

ತಂತಿಯಿಂದ ತೂತು ಬಿಡಿಸಿದರು. ಎಂಜಿನು ಮೊದಲ ಬೀಸಿಗೇ ಓಡಿತು. ಎಂತ ಆಗಿತ್ತು ಎಂದು ದೇರಣ್ಣನವರು ಕೇಳಿದರು. ಗಾಳಿಯದ್ದು ಸ್ವಲ್ಪ ತೊಂದರೆ, ಎಂದರು ಇವರು. ಚನಿಯಪ್ಪನ ನೀರು ಇನ್ನೂ ಪೈಪಿನಲ್ಲಿ ಉಳಿದಿರಬೇಕು, ಎಂದು ಗೋಣಿಯ ಮೇಲಿಂದ ಯಾರೋ ನಕ್ಕರು. ಮೂಸಕುಂಞಿ ಸ್ಪ್ಯಾನರುಗಳನ್ನು ಒರಸಿ ಒರಸಿ ಚೀಲಕ್ಕೆ ತುಂಬಿದರು. ಅಲ್ಲ ಎನ್ನುವ ಒಂದು ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿದರು. ಮೊದಲನೆಯದು ತಪ್ಪು. ಈಗ ನುಂಗಿದ್ದನ್ನು ಬರೀ ತಪ್ಪು ಎಂದು ಬಿಡುವುದಕ್ಕೆ ಅವರ ಮನಸ್ಸೇ ಒಪ್ಪಲಿಲ್ಲ.

ಮನೆಯಲ್ಲಿ ಅನ್ನ ಸೇರದಾಯಿತು. ಹೆಂಡತಿ ಹವ್ವಮ್ಮ ಕೆದಕಿ ಕೆದಕಿ ವಿಷಯ ಹೊರಗೆಳೆದಳು. ಗಂಧದ ಕಥೆ ಕೇಳಿ ಮೊದಲು ನಗು ಬಂತು ಅವಳಿಗೆ. ಆಮೇಲೆ ನಗು ನಿಂತಿತು.

"ಹಾಗಾದ್ರೆ ಆ ಚನಿಯಪ್ಪ ಈಗ ಎಲ್ಲಿದ್ದಾನೆ?"

ಅವರಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಮುಂದಿನ ವಾರ ಮಿಲ್ಲಿನಲ್ಲಿ ಜನ ತುಂಬುವ ಹೊತ್ತು ನೋಡಿಯೇ ಮಂಡೆಕೋಲಿಗೆ ಹೋದರು, ಯಾರೂ ಕರೆಯದೆ. ಓಡುತ್ತಿದ್ದ ಎಂಜಿನಿನ ಟ್ಯಾಂಕಿನ ಮುಚ್ಚಳದ ತೂತಿಗೆ ಕಲಸಿದ ಹಿಟ್ಟು ಮೆತ್ತಿದರು. ಎಂಜಿನು ಕೆಮ್ಮಿ ನಿಂತಿತು. ಹಿಟ್ಟು ತೆಗೆದರು, ಓಡಿಸಿದರು. ಚನಿಯಪ್ಪ ನೀರು ಹಾಕಲಿಲ್ಲ, ನೋಡದೆ ಹೇಳಿದ್ದು ನಾನು, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರೂ ಬೈಯಲಿಲ್ಲ. ಗೋಣಿಗಳ ಮೇಲೆ ಕೂತವರು ನೆಲ ನೋಡಿದರು, ಅವರ ಪಾಲೂ ಅದರಲ್ಲಿ ಇತ್ತಲ್ಲ. ಬೈದದ್ದು ದುಗ್ಗಮ್ಮ ಒಬ್ಬರೇ, ಅದೂ ಮೆಲ್ಲನೆ.

"ಬೊಟ್ಟು ಇಟ್ಟದ್ದು ನಾನು. ಒಂದು ಮಾತು ಕೇಳಿದ್ರೆ ನಾನೇ ಒರಸಿ ಕೊಡ್ತಿದ್ದೆ ಅಲ್ವಾ ಮೂಸಾಕ? ಅಷ್ಟೂ ಮನುಷ್ಯರಲ್ವಾ ನಾವು?"



ದೇರಣ್ಣನವರೂ ಅವರೂ ಸೇರಿ ಚನಿಯಪ್ಪನ ಮನೆಗೆ ನಡೆದರು. ಬಂದವರನ್ನು ಅವನು ಚಾಪೆ ಹಾಕಿ ಕೂರಿಸಿದ. ಬೆಲ್ಲ, ನೀರು ಬಂತು. ಎಲೆ ಅಡಿಕೆಯ ತಟ್ಟೆಯೂ ಬಂತು. ಬಾಗಿಲಲ್ಲೇ ನಿಲ್ಲಿಸಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಮೂಸಕುಂಞಿಗೆ ಅನ್ನಿಸಿತು. ಬೆಲ್ಲದ ತುಂಡು ಬಾಯಲ್ಲಿ ಕರಗದೆ ನಿಂತಿತು. ಹೇಳಬೇಕಾದದ್ದನ್ನು ತಡವರಿಸುತ್ತಾ ಹೇಳಿ ಮುಗಿಸಿದರು. ದೇರಣ್ಣನವರು, ನಾಳೆಯಿಂದಲೇ ಕೆಲಸಕ್ಕೆ ಬಾ, ಎಂದರು.

ಚನಿಯಪ್ಪ ಎಲೆಗೆ ಸುಣ್ಣ ಹಚ್ಚಿದ.

"ಮೂಸಾಕನ ಮಾತು ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತು. ಎಂಜಿನು ಅಂದ ಮೇಲೆ ಯಾರಿಗೂ ತಪ್ಪುದುಂಟು" ಎಂದ. "ಆದ್ರೆ ಗೌಡ್ರೇ, ನೀವೆಲ್ಲ ಅದನ್ನು ಎಷ್ಟು ಬೇಗ ನಂಬಿದ್ರಿ. ನಾನು ಬರುದಿಲ್ಲ."

ಅವನು ಬರಲಿಲ್ಲ. ಒಂದು ಜೋಡಿ ಎತ್ತು ಹಿಡಿದು ಪುತ್ತೂರಿಗೆ ಗಾಡಿ ಹೊಡೆಯತೊಡಗಿದ. ದಾರಿ ಮೂಸಕುಂಞಿಯವರ ಶೆಡ್ಡಿನ ಮುಂದೆಯೇ. ಎತ್ತಿನ ಗಂಟೆ ದೂರದಲ್ಲಿ ಕೇಳಿದರೆ ಅವರು ಕೈಯ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು, ಗಾಡಿ ತಿರುವು ದಾಟುವವರೆಗೆ. ಚನಿಯಪ್ಪ ಎತ್ತುಗಳ ಕೊಂಬು ನೋಡುತ್ತಾ ಹೋಗಿಬಿಡುತ್ತಿದ್ದ. ಮೂಸಾಕ ಈಗೀಗ ಮೊದಲು ಮುಚ್ಚಳ ತೆಗೆಯುತ್ತಾರೆ, ಕೇಳಿದರೆ ಉತ್ತರ ಹೇಳಲು ತಡ ಮಾಡುತ್ತಾರೆ, ವಯಸ್ಸಾಯಿತು, ಎಂದು ಗಿರಾಕಿಗಳು ಮಾತಾಡಿಕೊಂಡರು.

ಹಾಗೆ ವರ್ಷಗಳು ಹೋದವು. ಒಂದು ಮಧ್ಯಾಹ್ನ ಗಾಡಿ ಶೆಡ್ಡಿನ ಮುಂದೆ ನಿಂತಿತು. ಗಾಲಿ ಕಿರುಗುಟ್ಟುತ್ತಿತ್ತು.

"ಅಚ್ಚಿಗೆ ಹಾಕ್ಲಿಕ್ಕೆ ಹಳೆ ಎಣ್ಣೆ ಉಂಟಾ?"

ಮೂಸಕುಂಞಿ ಡಬ್ಬಿ ಹಿಡಿದು ಓಡಿ ಬಂದರು, ಗಾಲಿಯ ಹತ್ತಿರ ಬಗ್ಗಿದರು. ಚನಿಯಪ್ಪ ಡಬ್ಬಿಯನ್ನು ಅವರ ಕೈಯಿಂದ ಮೆತ್ತಗೆ ತೆಗೆದುಕೊಂಡ.

"ನಾನೇ ಹಾಕ್ತೇನೆ. ನೀವು ಕೂತುಕೊಳ್ಳಿ ಮೂಸಾಕ."

ಅವನು ಗಾಲಿ ಕಳಚಿ, ಅಚ್ಚು ಒರಸಿ, ಸಾವಕಾಶವಾಗಿ ಎಣ್ಣೆ ಹಚ್ಚಿದ. ಆ ಮಧ್ಯಾಹ್ನದ ಬಿಸಿಲಿನಲ್ಲಿ ಮೂಸಕುಂಞಿ ಕೈ ಕಟ್ಟಿಕೊಂಡು ಅಲ್ಲೇ ನಿಂತಿದ್ದರು. ಕೂರಲಿಲ್ಲ.