ಗೇಟಿನ ಮನೆಯಲ್ಲೊಂದು ಇನ್ಸುಲಿನ್ ಸೀಸೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಡಿ ಕಡೆಯಿಂದ ಸಿಮೆಂಟು ಹೇರಿಕೊಂಡ ಗೂಡ್ಸ್ ಗಾಡಿಯ ಕೂಗು ಕೇಳುತ್ತಿದೆ. ಸಾಯಬಣ್ಣ ಗೇಟಿನ ಎರಡೂ ಬಾಗಿಲು ಎಳೆದು, ಸರಪಳಿ ಬಿಗಿದು, ಬೀಗ ಹಾಕಿ ಜಗ್ಗಿ ನೋಡುತ್ತಾರೆ. ಎರಡು ಹೆಜ್ಜೆ ಹೋದವರು ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಾರೆ. ಆಮೇಲೆ ಹಸಿರು ಬಾವುಟ ಹಿಡಿದು ಹಳಿಯ ಪಕ್ಕ ನಿಲ್ಲುತ್ತಾರೆ. ಗಾಡಿ ಹಾಯುವಾಗ ನೆಲ ನಡುಗುತ್ತದೆ, ಗೇಟಿನ ಮನೆಯ ತಗಡಿನ ಬಾಗಿಲು ಕಟಕಟ ಅನ್ನುತ್ತದೆ. ಕೊನೆಯ ಡಬ್ಬಿ ದಾಟಿದ ಮೇಲೆ ಬೀಗ ತೆಗೆದು, ಕಾಯುತ್ತಿದ್ದ ಚಕ್ಕಡಿಗೆ ದಾರಿ ಬಿಡುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಈಗ ಒಂದು ಬೀಡಿ ಹಚ್ಚುತ್ತಿದ್ದರೇನೋ. ಸಾಯಬಣ್ಣ ನೇರ ಮನೆಯೊಳಗೆ ಹೋಗುತ್ತಾರೆ. ಉತ್ತರದ ಗೋಡೆಯ ಮೂಲೆಯಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯೊಂದಿದೆ. ಅದರ ತುಂಬ ಉಸುಕು, ಉಸುಕಿನ ನಡುವೆ ಹೂತಿಟ್ಟ ಸಣ್ಣ ಗಡಿಗೆ, ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ. ಅವರು ಕೈಯ ಹಿಂಬದಿಯನ್ನು ಉಸುಕಿಗೆ ಒತ್ತಿ ಹಿಡಿಯುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

"ಹಸಿ ಅದ," ಅನ್ನುತ್ತಾರೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಹೆಂಡತಿ ಅಮೃತಮ್ಮ ತಿರುಗಿ ನೋಡದೆ "ಹೂಂ" ಅನ್ನುತ್ತಾರೆ.

ಆ ಗಡಿಗೆಯೊಳಗೆ ಅಮೃತಮ್ಮನ ಜೀವ ಇದೆ. ಬೆರಳಿನಷ್ಟುದ್ದದ ಗಾಜಿನ ಸೀಸೆಯಲ್ಲಿ ಮೋಡದ ಬಣ್ಣದ ಇನ್ಸುಲಿನ್. ಇದು ಮೇ ತಿಂಗಳ ಬಿಸಿಲುಕಾಲ. ಮನೆಗೆ ಗೋಡೆಯೂ ಶಹಾಬಾದ ಕಲ್ಲು, ಮಾಳಿಗೆಯೂ ಶಹಾಬಾದ ಕಲ್ಲು. ಹೊತ್ತು ಏರಿದ ಹಾಗೆ ಕಲ್ಲು ಕಾಯುತ್ತದೆ, ಹೊತ್ತು ಮುಳುಗಿದರೂ ಆರುವುದಿಲ್ಲ. ಕರೆಂಟು ವಾಡಿಯಲ್ಲಿದೆ, ಚಿತ್ತಾಪುರದಲ್ಲಿದೆ, ನಡುವಿನ ಈ ಗೇಟಿಗೆ ಇಲ್ಲ. ಫೋನೂ ಇಲ್ಲ. ವಾರಕ್ಕೆರಡು ಸಲ ಗಾಡಿಯಲ್ಲಿ ಬರುವ ಡ್ರಮ್ಮಿನ ನೀರೇ ಕುಡಿಯಲಿಕ್ಕೂ, ಸ್ನಾನಕ್ಕೂ, ಉಸುಕಿಗೂ.

"ಮೊದಲ ಉಸುಕಿಗಿ ಹಾಕ್ತೀವ್ರಿ, ಆಮ್ಯಾಲ ನಮ್ಮ ಜಳಕ," ಎಂದು ನನಗೆ ಹೇಳುತ್ತಾರೆ ಸಾಯಬಣ್ಣ. ಇದನ್ನು ನಗುತ್ತ ಹೇಳುವುದಿಲ್ಲ.

ಸಾಯಬಣ್ಣನ ತಂದೆ ಇದೇ ಹಳಿಯ ಮೇಲೆ ಗ್ಯಾಂಗಮನ್ ಆಗಿದ್ದವರು. ಮಗ ಗೇಟಮನ್ ಆದಾಗ ಮನೆಯವರಿಗೆಲ್ಲ ಹಿಗ್ಗು. ಕಲ್ಲು ಹೊರುವ ಕೆಲಸ ತಪ್ಪಿತು ಎಂದು. ದಂಡೋತಿಯ ಅಮೃತಮ್ಮನನ್ನು ಮದುವೆ ಮಾಡಿಕೊಂಡು ಈ ಒಂಟಿ ಮನೆಗೆ ಕರೆತಂದರು. ಮರುವರ್ಷವೇ ಅಮೃತಮ್ಮನಿಗೆ ಆರದ ನೀರಡಿಕೆ ಶುರುವಾಯಿತು. ಕೊಡ ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಮೈಯೆಲ್ಲ ಇಳಿದು, ಕೈಬಳೆಗಳು ಮೊಣಕೈತನಕ ಜಾರತೊಡಗಿದವು. ಗುಲಬರ್ಗಾದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ದಿನಾ ಸೂಜಿ ಚುಚ್ಚಿಕೊಳ್ಳಬೇಕು, ಬದುಕಿರುವ ತನಕ ಬಿಡುವಂತಿಲ್ಲ ಎಂದರು. ಔಷಧ ಬಿಸಿಲಿಗೆ ಕೆಡುತ್ತದೆ, ಬರಫಿನಷ್ಟು, ಮಂಜುಗಡ್ಡೆಯಷ್ಟು, ತಣ್ಣಗಾದರೂ ಕೆಡುತ್ತದೆ ಎಂದೂ ಹೇಳಿ ಕಳಿಸಿದರು.

"ಡಾಕ್ಟರ್ ಸಾಹೇಬ್ರು ಎರಡೂ ಹೇಳಿದ್ರು," ಸಾಯಬಣ್ಣ ನೆನೆಯುತ್ತಾರೆ. "ನಮ್ಮ ತಲ್ಯಾಗ ಒಂದೇ ಉಳೀತು. ಈ ನಾಡಾಗ ಬಿಸಲಿಗಿ ಅಂಜಬೇಕು ನೋಡ್ರಿ, ಥಂಡಿಗಿ ಯಾರು ಅಂಜ್ತಾರ?"

ಎರಡು ಬೇಸಿಗೆಯ ಹಿಂದಿನ ಮಾತು. ಚಿತ್ತಾಪುರದ ಅಂಗಡಿಯಲ್ಲಿ ಇನ್ಸುಲಿನ್ ಮುಗಿದಿತ್ತು. ಗಡಿಗೆಯಲ್ಲಿದ್ದ ಸೀಸೆ ತಳ ಕಂಡಿತ್ತು. ಅಮೀರ್ ಅಲಿ ಎಂಬ ಕುಲ್ಫಿ ಮಾರುವವರು ದಿನಾ ವಾಡಿಯಿಂದ ಸೈಕಲ್ಲಿನ ಮೇಲೆ ಈ ಗೇಟು ದಾಟಿ ಹಳ್ಳಿಗಳಿಗೆ ಹೋಗುತ್ತಾರೆ. ಗೇಟು ಹಾಕಿದ್ದರೆ ಇಳಿದು ನೀರು ಕೇಳಿ ಕುಡಿಯುತ್ತಾರೆ. ವಾಡಿಯಿಂದ ಸೀಸೆ ತಂದುಕೊಡುತ್ತೇನೆ ಎಂದು ತಾವಾಗಿಯೇ ಒಪ್ಪಿದರು.

"ಈ ಬಿಸಲಾಗ ಅಂಗಿ ಕಿಸೇದಾಗ ಇಟ್ಕೊಂಡು ಬಂದ್ರ ಕುದ್ದು ಹೋಗ್ತದ ಅಕ್ಕಾ," ಎಂದಿದ್ದರು ಅಮೀರ್ ಅಲಿ. "ನನ್ನ ಡಬ್ಬ್ಯಾಗ ತರ್ತೀನಿ. ಕುಲ್ಫೀನೇ ಕರಗಂಗಿಲ್ಲ ಅದರಾಗ. ನಿಮ್ಮ ದವಾ ಏನ್ ಕೆಡ್ತದ?"

ಕುಲ್ಫಿಯ ಡಬ್ಬಿಯಲ್ಲಿ ಬರಫ್ ಇರುತ್ತದೆ, ಬರಫಿಗೆ ಉಪ್ಪು ಬೆರೆಸಿರುತ್ತಾರೆ. ಉಪ್ಪು ಬೆರೆತ ಬರಫ್ ಹಾಲನ್ನೇ ಕಲ್ಲು ಮಾಡುತ್ತದೆ. ಅವತ್ತು ಸೀಸೆ ಬಂದಾಗ ಅದರ ಮೈಮೇಲೆ ಬಿಳಿ ಹುಡಿ ಕೂತಿತ್ತು. ಅಲುಗಿಸಿದರೆ ಒಳಗೆ ಏನೂ ಅಲುಗಲಿಲ್ಲ.

"ಅವತ್ತ ನಾವು ಖುಷಿ ಆದೆವ್ರಿ," ಅನ್ನುತ್ತಾರೆ ಅಮೃತಮ್ಮ. "ಇಷ್ಟು ತಂಪಾಗಿ ಎಂದೂ ಬಂದಿದ್ದಿಲ್ಲ. ಕರಗಿದ ಮ್ಯಾಲ ಅಂಗೈಯಾಗ ಹೊಳ್ಳಾಡಿಸಿದೆ. ಒಡದ ಹಾಲಿನಂಗ ಕಾಳು ಕಾಳು ಕಾಣ್ತು. ಥಂಡಿಗಿ ಹಂಗ ಆಗಿರಬೇಕು, ತಾನ ಕರಗ್ತದ ಅಂದೆ. ಕರಗಲಿಲ್ಲ. ಆದರೂ ಚುಚ್ಕೊಂಡೆ. ಬ್ಯಾರೆ ಎಲ್ಲಿತ್ತು?"

ಮರುದಿನ ಹಳೆಯ ನೀರಡಿಕೆ ತಿರುಗಿ ಬಂತು. ಗಂಡ ಹೆಂಡತಿ ಇಬ್ಬರೂ ಬಿಸಿಲಿನ ಮೇಲೆ ತಪ್ಪು ಹಾಕಿದರು. ಅದರ ಮರುದಿನ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಮೃತಮ್ಮ ಅಳತೆ ತಪ್ಪದೆ ಸೂಜಿ ಚುಚ್ಚಿಕೊಳ್ಳುತ್ತಲೇ ಇದ್ದರು. ಸೂಜಿಯಲ್ಲಿದ್ದ ಔಷಧ ಸತ್ತಿತ್ತು.

ಆ ಮುಂಜಾನೆ ಸಾಯಬಣ್ಣ ಡ್ಯೂಟಿಯ ಮೇಲಿದ್ದರು. ದಿನಾ ಚಹಾ ತಂದುಕೊಡುವ ಹೆಂಡತಿ ಹೊರಗೆ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಒಳಗೆ ಓಡಿ ನೋಡಿದರೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಬಾವಿಯಿಂದ ನೀರು ಸೇದುವವರ ಹಾಗೆ ದೊಡ್ಡ ದೊಡ್ಡ ಉಸಿರು. ಉಸಿರಿಗೆ ಕಳಿತ ಹಣ್ಣಿನ ವಾಸನೆ.

"ಹೆಸರು ಹಿಡದು ಕರದೆ. ಕಣ್ಣು ತೆರದಳು, ಖರೇ, ನನ್ನ ಗುರುತ ಹಿಡೀಲಿಲ್ಲ," ಅನ್ನುವಾಗ ಸಾಯಬಣ್ಣನ ದನಿ ತಗ್ಗುತ್ತದೆ. "ಅಷ್ಟರಾಗ ಪ್ಯಾಸೆಂಜರ್ ಗಾಡಿ ಕೂಗಿತ್ರಿ."

ಅವರು ಹೆಂಡತಿಯ ತಲೆಯನ್ನು ನೆಲಕ್ಕಿಳಿಸಿ ಎದ್ದು ಬಂದರು. ಗೇಟು ಹಾಕಿದರು. ಆಚೆ ಬದಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿಯೊಂದು ಬಂದು ನಿಂತಿತು. ಪಕ್ಕದಲ್ಲಿ ಕಲ್ಲಿನ ಖಣಿಗೆ ಕೂಲಿಗೆ ಹೊರಟ ನಾಲ್ಕು ಹೆಂಗಸರು. ಗಾಡಿ ದಾಟುವ ತನಕ ಸಾಯಬಣ್ಣ ಬಾವುಟ ಇಳಿಸಲಿಲ್ಲ. ದಾಟಿದ ಕೂಡಲೇ ಲಾರಿಯ ಬಾಗಿಲಿಗೆ ಓಡಿದರು.

ಡ್ರೈವರ್ ವಿಠೋಬಾನನ್ನು ಅವರು ಅದಕ್ಕೆ ಮೊದಲು ಮಾತಾಡಿಸಿದವರಲ್ಲ. "ನಮ್ಮಾಕಿ ಸಾಯಾಕತ್ತಾಳ್ರೀ. ದವಾಖಾನಿಗಿ ಮುಟ್ಟಿಸ್ರಿ," ಎಂದು ಕೈ ಮುಗಿದರು. ವಿಠೋಬಾ ಹಾರಿ ಇಳಿದ. ಇಬ್ಬರೂ ಸೇರಿ ಅಮೃತಮ್ಮನನ್ನು ಎತ್ತಿ ತಂದು ಡ್ರೈವರನ ಪಕ್ಕದ ಸೀಟಿನ ಮೇಲೆ ಮಲಗಿಸಿದರು.

"ನೀವೂ ಹತ್ರಿ, ಲಗೂ," ಎಂದ ವಿಠೋಬಾ.

"ಗೂಡ್ಸ್ ಬರೋದದ. ಗೇಟಿಗಿ ಯಾರೂ ಇಲ್ಲ."

ವಿಠೋಬಾ ಹಳಿಯ ಕಡೆ ನೋಡಿದ, ಮತ್ತೆ ಇವರ ಮುಖ ನೋಡಿದ. ಆಗ ಕೂಲಿ ಹೆಂಗಸರಲ್ಲಿ ಒಬ್ಬರು, ಶಹರಬಾನು, ತಮ್ಮ ಬುತ್ತಿಯ ಗಂಟನ್ನು ಗೆಳತಿಯ ಕೈಗೆ ಕೊಟ್ಟು ಲಾರಿ ಹತ್ತಿದರು. ಅಮೃತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾ ಇರ್ತೀನಿ ಅಕಿ ಸಂಗಟ. ಹೊಡೀರಿ ಗಾಡಿ," ಎಂದರು. ಸಾಯಬಣ್ಣನಿಗೆ ಅಷ್ಟರಲ್ಲಿ ಏನು ತೋಚಿತೋ, ಗಡಿಗೆಯಿಂದ ಸೀಸೆ ತಂದು ಶಹರಬಾನುವಿನ ಕೈಯಲ್ಲಿಟ್ಟರು. "ಡಾಕ್ಟರಿಗಿ ತೋರಸ್ರಿ. ಇದನ್ನ ಚುಚ್ಕೋತಿದ್ದಳು."

ಲಾರಿ ಹೋಯಿತು. ಧೂಳು ಕುಳಿತಿತು. ಗೂಡ್ಸ್ ಬಂತು, ಹೋಯಿತು. ಅವರು ಗೇಟು ಹಾಕಿದರು, ತೆಗೆದರು. ಬದಲಿ ಗೇಟಮನ್ ಬರುವುದು ಸಂಜೆಗೆ. ಆಚೀಚೆ ಒಂದು ಮನೆಯಿಲ್ಲ, ಮಾತಿಗೆ ಒಬ್ಬರಿಲ್ಲ.

"ಏನ್ ಮಾಡಿದ್ರಿ ಅವತ್ತೆಲ್ಲ?" ಎಂದು ಕೇಳುತ್ತೇನೆ.

"ಬೀಗ ನೋಡ್ದೆ," ಅನ್ನುತ್ತಾರೆ. "ಹಾಕೀನೋ ಇಲ್ಲೋ ಅಂತ ಮತ್ತ ಮತ್ತ ನೋಡ್ದೆ. ನನ್ನ ತಲಿ ನನ್ನ ಸಂಗಟ ಇದ್ದಿಲ್ಲ. ಹಿಂತಾ ಹೊತ್ತಿನ್ಯಾಗ ಗೇಟ ಮರತು ಮಂದಿ ತುಂಬಿದ ಚಕ್ಕಡಿ ಹಳಿ ಮ್ಯಾಲ ಬಂದ್ರ ಏನು ಗತಿ ಅಂತ ಅದೊಂದು ಅಂಜಿಕಿ."

ಮಧ್ಯಾಹ್ನದ ಪ್ಯಾಸೆಂಜರು ಬಂತು. ಹಿಂದಿನ ಡಬ್ಬಿಯಲ್ಲಿದ್ದ ಗಾರ್ಡು ಅರ್ಧ ಮೈ ಹೊರಗೆ ಹಾಕಿ ಇವರ ಕಡೆ ಏನೋ ಕೂಗಿದರು. ವಿಠೋಬಾ ಸ್ಟೇಷನ್ನಿಗೆ ಹೋಗಿ ಸುದ್ದಿ ಹೇಳಿ ಕಳಿಸಿದ್ದ. ಆದರೆ ಗಾಲಿಯ ಸಪ್ಪಳದಲ್ಲಿ ಸಾಯಬಣ್ಣನಿಗೆ ಕೇಳಿಸಿದ್ದು "ನಿಮ್ಮಾಕಿ" ಎಂಬ ಒಂದೇ ಮಾತು. ಮುಂದಿನದನ್ನು ಗಾಳಿ ನುಂಗಿತು. ಅವರು ಕಡಿಗಲ್ಲಿನ ಮೇಲೆ ಎಡವುತ್ತ ಗಾಡಿಯ ಹಿಂದೆ ಓಡಿದರು. ಗಾರ್ಡು ಕೈ ಬೀಸಿದರು. ಒಳ್ಳೆಯ ಸುದ್ದಿಗೂ ಕೈ ಬೀಸುತ್ತಾರೆ, ಕೆಟ್ಟ ಸುದ್ದಿಗೂ ಬೀಸುತ್ತಾರೆ.

"ಅದಾಳ ಅಂದ್ರೋ, ಹ್ವಾದಳು ಅಂದ್ರೋ," ಸಾಯಬಣ್ಣ ಹಳಿಯ ಕಡೆ ನೋಡುತ್ತಾರೆ. "ಹೊತ್ತು ಮುಣಗೋತನಕ ಅದೇ ನೋಡ್ರಿ. ಅಷ್ಟೊತ್ತು ಅಕಿ ಒಮ್ಮೆ ಸಾಯ್ತಿದ್ದಳು, ಒಮ್ಮೆ ಬದುಕ್ತಿದ್ದಳು."

ಸಂಜೆ ಕಲ್ಲು ಇಳಿಸಿದ ಖಾಲಿ ಲಾರಿ ತಿರುಗಿ ಬಂತು. ಗೇಟು ತೆರೆದೇ ಇತ್ತು, ಆದರೂ ವಿಠೋಬಾ ನಿಲ್ಲಿಸಿದ. ಎಂಜಿನ್ನು ಬಂದ್ ಮಾಡದೆ ಕಿಟಕಿಯಿಂದಲೇ ಹೇಳಿದ: "ಕಣ್ಣು ಬಿಟ್ಟಾಳ್ರಿ. ನೀರು ಕೇಳಿದಳು. ನಿಮ್ಮನ್ನೂ ಕೇಳಿದಳು." ಬದಲಿಯವನು ಬಂದ ಕೂಡಲೇ ಸಾಯಬಣ್ಣ ಬಾವುಟವನ್ನು ಅವನ ಕೈಗೆ ಕೊಟ್ಟು ದವಾಖಾನೆಗೆ ಹೊರಟರು.

ಶಹಾಬಾದಿನ ದವಾಖಾನೆಯಲ್ಲಿ ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ ಕೂಡಲೇ ಕಾರಣ ಹೇಳಿದ್ದರಂತೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು. ಕರಗಿದರೂ ಅದು ಔಷಧವಲ್ಲ, ಚೆಲ್ಲಬೇಕು. ಬಿಸಿಲು ತಾಗದ, ಬೆಂಕಿಯ ಕಾವು ತಟ್ಟದ, ಬರಫ್ ಮುಟ್ಟದ ತಂಪು ಬೇಕು. ಫ್ರಿಜ್ ಇದ್ದವರೂ ಬರಫ್ ಕಟ್ಟುವ ಖಾನೆಯಲ್ಲಿ ಇಡಬಾರದು. ಇಲ್ಲದವರಿಗೆ ಮಣ್ಣಿನ ಗಡಿಗೆ, ಹಸಿ ಉಸುಕು. ತೆರೆದ ಸೀಸೆಯನ್ನು ತಿಂಗಳಿನ ಮೇಲೆ ಬಳಸಬಾರದು, ಈ ಬೇಸಿಗೆಯಲ್ಲಿ ಇನ್ನೂ ಬೇಗ ಬದಲಿಸಿದರೆ ಒಳ್ಳೆಯದು.

ಸುದ್ದಿ ಕೇಳಿದ ಅಮೀರ್ ಅಲಿ ನಾಲ್ಕು ದಿನ ಈ ಕಡೆ ಸುಳಿಯಲಿಲ್ಲ. ಐದನೆಯ ದಿನ ಸೈಕಲ್ಲನ್ನು ದೂರದಲ್ಲೇ ನಿಲ್ಲಿಸಿ, ನಡೆದು ಬಂದು, ಗೇಟಿನ ಕಂಬ ಹಿಡಿದು ಅತ್ತರು. "ನನ್ನ ಕೈಲಿಂದ ಆಯ್ತಲ್ಲಾ ಅಣ್ಣಾ," ಎಂದರು. ಸಾಯಬಣ್ಣ ಅವರಿಗೆ ನೀರು ಕೊಟ್ಟರು. "ಅಂವ ಕೆಡಸಾಕ ತಂದಾನೇನ್ರಿ?" ಎಂದು ಈಗ ನನ್ನನ್ನು ಕೇಳುತ್ತಾರೆ. "ಉಳಸಾಕ ತಂದಾನ. ನಾವು ಮೂರೂ ಮಂದಿ ಕೂಡೇ ಅಂಜಿದ್ದೆವು, ಬಿಸಲಿಗಿ ಅಂಜಿ ಥಂಡಿ ಮರತಿದ್ದೆವು, ಅಷ್ಟ."

ಈಗಲೂ ಸೀಸೆ ತರುವವರು ಅಮೀರ್ ಅಲಿಯೇ. ಚಿತ್ತಾಪುರದ ಅಂಗಡಿಯ ಫ್ರಿಜ್ಜಿನಿಂದ ಒಂದೊಂದೇ ತರುತ್ತಾರೆ. ಒಣ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒದ್ದೆ ಬಟ್ಟೆ ಸುತ್ತಿದ ತಂಬಿಗೆಯಲ್ಲಿಟ್ಟು, ಆ ತಂಬಿಗೆಯನ್ನು ಸೈಕಲ್ಲಿನ ಮುಂದುಗಡೆ, ಕುಲ್ಫಿಯ ಡಬ್ಬಿಗೆ ತಾಗದ ಹಾಗೆ ಕಟ್ಟಿಕೊಂಡು ಬರುತ್ತಾರೆ. ಬಂದ ಸೀಸೆಯನ್ನು ಅಮೃತಮ್ಮ ಬೆಳಕಿಗೆ ಹಿಡಿದು ನೋಡುವ ತನಕ ಅಲ್ಲಿಂದ ಕದಲುವುದಿಲ್ಲ.

ಅಂಜಿಕೆ ಮಾತ್ರ ಈ ಮನೆ ಬಿಟ್ಟು ಹೋಗಿಲ್ಲ. ಉಸುಕು ಒಣಗಿತೇ, ಬೆಕ್ಕು ಗಡಿಗೆ ಉರುಳಿಸಿತೇ, ಗಾಡಿಯ ನಡುಕಕ್ಕೆ ಸೀಸೆ ಬಿರುಕು ಬಿಟ್ಟಿತೇ ಎಂದು ಸಾಯಬಣ್ಣ ಎರಡು ಗಾಡಿಗಳ ನಡುವೆ ಒಳಗೆ ಹೊರಗೆ ಓಡಾಡುತ್ತಾರೆ. ಅಮೃತಮ್ಮನ ಅಂಜಿಕೆ ಬೇರೆ.

"ನನ್ನ ಬ್ಯಾನಿ ನನಗ ರೂಢಿ ಆಗ್ಯಾದ್ರಿ," ಅನ್ನುತ್ತಾರೆ ಅವರು. "ಈ ಉಸುಕಿನ ಚಿಂತ್ಯಾಗ ಅವರು ಎಂದಾರ ಗೇಟ ಮರತಾರು ಅಂತ ನನಗ ಅಂಜಿಕಿ. ಗಾಡಿ ಕೂಗಿದ್ರ ನಾನೂ ಹೊರಗ ಬಂದು ನೋಡ್ತೀನಿ. ಹಾಕಿರ್ತಾರ. ಆದರೂ ನೋಡ್ತೀನಿ."

ದೂರದಲ್ಲಿ ಮತ್ತೊಂದು ಗಾಡಿ ಕೂಗುತ್ತದೆ. ಸಾಯಬಣ್ಣ ಬಾವುಟ ಎತ್ತಿಕೊಳ್ಳುತ್ತಾರೆ. ಸರಕಾರವನ್ನು ಏನಾದರೂ ಕೇಳುವುದಿದೆಯೇ ಎಂದು ಕೇಳುತ್ತೇನೆ. ಕರೆಂಟು, ಫೋನು, ಊರ ಸಮೀಪದ ಗೇಟಿಗೆ ವರ್ಗ ಎಂದೇನಾದರೂ ಹೇಳಿಯಾರು ಎಂದು ಕಾಯುತ್ತೇನೆ. ಅವರು ಗೇಟು ಎಳೆದು, ಸರಪಳಿ ಬಿಗಿದು, ಬೀಗ ಹಾಕಿ ಜಗ್ಗಿ ನೋಡುತ್ತಾರೆ.

"ಹಂತಾ ದಿನ ಮತ್ತ ಬರಬಾರದು," ಅನ್ನುತ್ತಾರೆ. "ಬಂದ್ರ, ಬದಲಿ ಮನಷಾ ಲಗೂನ ಸಿಗಬೇಕ್ರಿ. ಅಕಿ ದವಾಖಾನಿಗಿ ಹೋಗಾಗ ತಲಿ ನನ್ನ ತೊಡಿ ಮ್ಯಾಲ ಇರಬೇಕು."