ಕಾಲುಂಗುರದ ಕೆಳಗೆ

ಅವ್ವ ಮನೆಯ ಹೊಸ್ತಿಲು ದಾಟದೆ ಎಂಟು ವರ್ಷವಾಯಿತು. ಮೊದಲು ಮೊಣಕಾಲು ಕೈಕೊಟ್ಟವು, ಆಮೇಲೆ ಸಕ್ಕರೆ ಕಾಯಿಲೆ ಪಾದಕ್ಕಿಳಿಯಿತು. ಪಡಸಾಲೆಯ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ, ಅವಳ ತಿರುಗಾಟ ಅಷ್ಟೇ. ನಾನು ಗಂಡ ತೀರಿಕೊಂಡ ಮೇಲೆ ಅಳ್ನಾವರದ ಕಡೆಯಿಂದ ತವರಿಗೆ, ಗುಡಗೇರಿ ಹತ್ತಿರದ ಈ ಹಳ್ಳಿಗೆ ಬಂದು ಆರು ವರ್ಷ. ನನಗೆ ಮಕ್ಕಳಿಲ್ಲ. ಒಂದು ಹೊಲಿಗೆ ಮಷಿನ್ನಿದೆ, ಓಣಿಯ ಹೆಂಗಸರ ಜಂಪರು ಹೊಲಿಯುತ್ತೇನೆ. ಉಳಿದ ಹೊತ್ತೆಲ್ಲ ಅವ್ವನ ಕಾಲಿಗೆ.

ಬೆಳಿಗ್ಗೆ ಚಹಾ ಆದ ಮೇಲೆ ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತರಬೇಕು. ಅವಳ ಪಾದಕ್ಕೆ ಬಿಸಿ, ತಣ್ಣಗೆ ಎರಡೂ ತಿಳಿಯದು, ಅದಕ್ಕೆ ಮೊದಲು ನನ್ನ ಮೊಣಕೈ ಅದ್ದಿ ನೋಡಬೇಕು. ತೊಳೆದ ಮೇಲೆ ಅಪ್ಪನ ಹಳೆಯ ಧೋತರದ ತುಂಡಿನಿಂದ ಬೆರಳುಗಳ ಸಂದಿಯನ್ನೆಲ್ಲ ಒರೆಸಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಸಂದಿಗೆ ಮಾತ್ರ ತಾಗಿಸಬಾರದು. ಆಮೇಲೆ ನೆಲಕ್ಕೆ ಕೂತು, ಮೊಬೈಲಿನ ಟಾರ್ಚ್ ಹಚ್ಚಿ ಅಂಗಾಲು ನೋಡಬೇಕು. ಎಲ್ಲಾದರೂ ಕೆಂಪಾಗಿದೆಯೇ, ಬಿರಿದಿದೆಯೇ, ಗುಳ್ಳೆ ಎದ್ದಿದೆಯೇ ಎಂದು. ಮೂರು ವರ್ಷದ ಹಿಂದೆ ಇದನ್ನೆಲ್ಲ ಕಲಿಸಿದವರು ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ನರ್ಸಮ್ಮ. “ಅವರಿಗೆ ನೋವು ಗೊತ್ತಾಗೂದಿಲ್ರಿ ಅಕ್ಕಾರ. ಅವರ ಬದ್ಲಿ ನೀವು ನೋಡಬೇಕು, ದಿನಾ ನೋಡಬೇಕು” ಎಂದಿದ್ದರು.

ನಾನು ಬಗ್ಗಿ ನೋಡುವಾಗ ಅವ್ವ ಮೇಲಿನಿಂದ ಅನ್ನುವಳು, “ಏಟೊತ್ತ ನೋಡ್ತಿ ಬೇ. ಅಂಗಾಲಾಗ ಹೊಲದ ನಕಾಶಿ ಐತೇನು?”

ಎರಡು ದಿನ ಮಾಡಿದರೆ ಇದಕ್ಕೆ ಸೇವೆ ಅನ್ನಬಹುದು. ಮೂರು ವರ್ಷ ಮಾಡಿದ ಮೇಲೆ ಏನನ್ನಬೇಕೋ ನನಗೆ ಗೊತ್ತಿಲ್ಲ. ನಿನಗೆ ಪುಣ್ಯ ಬರತೈತಿ ಎಂದು ಬಾಜೂ ಮನೆಯವರು ಹೇಳುತ್ತಾರೆ. ಒಂದು ವಾರ ನೀವೂ ಬಂದು ಆ ಪುಣ್ಯದಲ್ಲಿ ಪಾಲು ತಗೊಳ್ಳಿರಿ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ನನ್ನ ಸೊಂಟ ಹಿಡಿದುಕೊಂಡಿರುತ್ತದೆ, ಮಷಿನ್ನಿನ ಮೇಲೆ ನಾಲ್ಕು ಜಂಪರು ಕಾಯುತ್ತಿರುತ್ತವೆ.

ಅವ್ವನ ಎರಡೂ ಪಾದಗಳ ಎರಡನೆಯ ಬೆರಳಿಗೆ ಬೆಳ್ಳಿಯ ಕಾಲುಂಗುರಗಳಿದ್ದವು. ಗಂಡ ಇರುವ ತನಕ ನಮ್ಮಲ್ಲಿ ಅವನ್ನು ಕಳಚುವುದಿಲ್ಲ, ಗಂಡ ಹೋದಾಗ ಕಳಚುತ್ತಾರೆ. ಅಪ್ಪನಿಗೆ ಎಂಬತ್ತು ದಾಟಿದೆ, ಆದರೂ ಗಟ್ಟಿ ಜೀವ, ದಿನಾ ಕಡಲೆಯ ಹೊಲ ಸುತ್ತಿ ಬರುತ್ತಾನೆ. ಅವನಿಗಿಂತ ಮೊದಲು, ಮುತ್ತೈದೆಯಾಗಿಯೇ ಹೋಗಬೇಕು ಎನ್ನುವುದೊಂದೇ ಅವ್ವನಿಗೆ ಉಳಿದಿದ್ದ ಆಸೆ. ಹೊರಗೆ ಹೋಗಲು ಆಗದಿದ್ದರೂ ಹಬ್ಬಹುಣ್ಣಿಮೆಗೆ ಓಣಿಯ ಹೆಂಗಸರೇ ಬಂದು ಅವಳಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದರು. ಆ ದಿನ ಅವಳ ಮುಖ ನೋಡಬೇಕು.

ನಾನು ಗಂಡ ಸತ್ತವಳು. ಆ ಉಂಗುರ ಮುಟ್ಟಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಮುಟ್ಟಲಿಲ್ಲ. ಅದರ ಸುತ್ತ ತೊಳೆಯುತ್ತಿದ್ದೆ, ಮೇಲೆ ಬಟ್ಟೆ ಆಡಿಸುತ್ತಿದ್ದೆ, ಸರಿಸಿ ನೋಡಲಿಲ್ಲ. ನನ್ನ ಕೈಯಲ್ಲಿ ಅದು ಜಾರಿ ಬಂದರೆ, ನಾಳೆ ಅಪ್ಪನಿಗೆ ನೆಗಡಿಯಾದರೂ ನನ್ನ ಕೈಗುಣ ಎಂದಾಗುತ್ತಿತ್ತು. ಇಂಥದನ್ನೆಲ್ಲ ನಂಬುತ್ತೀಯಾ ಎಂದರೆ, ಇಲ್ಲ, ನಂಬುವುದಿಲ್ಲ. ಆದರೂ ಮೂರು ವರ್ಷ ಮುಟ್ಟಲಿಲ್ಲ.

ಈ ವರ್ಷ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದೆವು. ಮನೆ ತುಂಬ ಅದರ ಘಾಟು, ಹಾಗಾಗಿ ಬೇರೆ ವಾಸನೆ ನನಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಒರೆಸಿದ ಬಟ್ಟೆಯ ಮೇಲೆ ಹಳದಿ ಕಲೆ ಕಂಡಿತು. ಅಂಗಾಲು, ಹಿಮ್ಮಡಿ, ಸಂದಿ ಎಲ್ಲ ನೋಡಿದೆ, ಏನೂ ಇರಲಿಲ್ಲ. ಮರುದಿನವೂ ಕಲೆ. ಮೂರನೆಯ ದಿನ ಬಲಗಾಲಿನ ಉಂಗುರದ ಪಕ್ಕ ಹೆಬ್ಬೆರಳಿನಿಂದ ಒತ್ತಿದೆ. ಬೆಳ್ಳಿಯ ಕೆಳಗಿನಿಂದ ಕೀವು ಬಂತು. ಉಂಗುರ ಬಾತ ಮಾಂಸದಲ್ಲಿ ಹುದುಗಿ ಕೂತಿತ್ತು, ಅಲುಗಲಿಲ್ಲ. ಅವ್ವ ಕಿಟಕಿಯ ಕಡೆ ನೋಡುತ್ತ, ಮೆಣಸಿನಕಾಯಿಗೆ ದನ ಬಾಯಿ ಹಾಕ್ಯಾವು ನೋಡು ಎನ್ನುತ್ತಿದ್ದಳು. ಅವಳಿಗೆ ನಾನು ಒತ್ತಿದ್ದೇ ಗೊತ್ತಾಗಲಿಲ್ಲ.

ಫೋನು ಮಾಡಿದೆ. ಮಧ್ಯಾಹ್ನದೊಳಗೆ ನರ್ಸಮ್ಮ ಬಂದರು. ಬಗ್ಗಿ ನೋಡಿದವರೇ ನನ್ನ ಮುಖ ನೋಡಿದರು.

“ದಿನಾ ನೋಡ್ತೇನಿ ಅಂತಿದ್ರಿ ಅಲ್ರೀ ಅಕ್ಕಾರ?”

“ನೋಡ್ತಿದ್ನಿರಿ.”

“ಮತ್ತ ಇದರ ಕೆಳಗ?”

ನಾನು ಹಳದಿ ಕಲೆಯ ಬಟ್ಟೆ ಎತ್ತಿ ತೋರಿಸಿದೆ. ಉಂಗುರವನ್ನು ಈಗಿಂದೀಗ ಕತ್ತರಿಸಬೇಕು, ಇವತ್ತೇ ಹುಬ್ಬಳ್ಳಿಗೆ ಒಯ್ಯಬೇಕು, ತಡ ಮಾಡಿದರೆ ಹೋಗುವುದು ಬೆರಳಲ್ಲ, ಪಾದ ಎಂದರು. ಅವರು ಕೈ ಚಾಚಿದ್ದೇ ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. “ಯಾರೂ ಮುಟ್ಟಬ್ಯಾಡ್ರಿ. ಅವರಿನ್ನೂ ಗಟ್ಟಿಮುಟ್ಟ ಅದಾರ” ಎಂದಳು. ನರ್ಸಮ್ಮ ನೀವೇ ತೆಗೆಯಿರಿ ಎಂಬಂತೆ ನನಗೆ ಕಣ್ಸನ್ನೆ ಮಾಡಿ, ಗಾಡಿ ಗೊತ್ತು ಮಾಡಲು ಹೊರಗೆ ಹೋದರು.

ನಾನು ಅಪ್ಪನ ಸಾಮಾನಿನ ಡಬ್ಬಿಯಿಂದ ತಂತಿ ಕತ್ತರಿಸುವ ಇಕ್ಕಳ ತಂದೆ. ಅವ್ವ ಇಕ್ಕಳ ನೋಡಿದಳು, ನನ್ನನ್ನು ನೋಡಿದಳು.

“ನಿನ್ನ ಕೈ ಅಂತೂ ಬ್ಯಾಡವ್ವ.”

ಮೂರು ವರ್ಷ ನನ್ನೊಳಗೇ ಅಂದುಕೊಂಡಿದ್ದನ್ನು ಅವಳು ಬಾಯಿಬಿಟ್ಟು ಹೇಳಿದ್ದಳು. ನನಗೆ ಮೈಯೆಲ್ಲ ಉರಿಯಿತು. “ನಿನ್ನ ಉಚ್ಚಿ ಬಳಿಯಾಕ ನನ್ನ ಕೈ ಬೇಕು, ಇದಕ್ಕ ಬ್ಯಾಡೇನು?” ಎಂದುಬಿಟ್ಟೆ. ಅವಳು ಗೋಡೆಯ ಕಡೆ ತಿರುಗಿದಳು. ಅಂಥ ಮಾತು ಆಡಬಾರದಿತ್ತು. ಆದರೆ ಅದು ಸುಳ್ಳೂ ಆಗಿರಲಿಲ್ಲ.

ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದ. ನರ್ಸಮ್ಮ ಬಾಗಿಲಲ್ಲೇ ಎಲ್ಲ ಹೇಳಿದ್ದರೆಂದು ಕಾಣುತ್ತದೆ. ಏನೂ ಕೇಳದೆ ಕೈ ತೊಳೆದುಕೊಂಡು ಬಂದು ಮಂಚದ ಮುಂದೆ ನೆಲಕ್ಕೆ ಕೂತ. ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು ಅವ್ವನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ನನ್ನ ಇಷ್ಟು ವಯಸ್ಸಿನಲ್ಲಿ ಅಪ್ಪ ಅವಳ ಕಾಲು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಅವ್ವ ಹೆದರಿಹೋದಳು.

“ಏಳ್ರಿ, ಮ್ಯಾಲೇಳ್ರಿ. ನೀವು ನನ್ನ ಕಾಲು ಹಿಡದ್ರ ನಾ ಯಾವ ನರಕಕ್ಕ ಹೋಗ್ಲಿ?”

“ಸುಮ್ನ ಕುಂಡ್ರ. ನಾ ಇನ್ನೂ ಸತ್ತಿಲ್ಲಲಾ, ನಾನ ತಗೀತೇನಿ” ಎಂದ ಅಪ್ಪ.

ಇಕ್ಕಳ ಜಾರಿ ಬೆರಳಿಗೆ ತಾಗಿತು, ರಕ್ತ ಬಂತು. ಅವ್ವನಿಗೆ ನೋವಾಗಲಿಲ್ಲ. ತನ್ನ ರಕ್ತ ಅವನ ಬೆರಳಿಗೆ ಹತ್ತಿದ್ದನ್ನು ಮಾತ್ರ ನೋಡಿದಳು. ಅವನು ಎರಡನೆಯ ಸಲ ಬಗ್ಗಿದಾಗ ತಡೆದಳು.

“ನೀವು ಬಿಡ್ರಿ” ಎಂದಳು. ಆಮೇಲೆ ನನಗೆ, “ನೀನ ತಗಿ.”

ಎರಡು ಸಲ ಒತ್ತಿದ ಮೇಲೆ ಬೆಳ್ಳಿ ಬಿಟ್ಟಿತು. ಕೆಳಗೆ ಬೆರಳಿನ ಸುತ್ತ ಕರ್ರಗೆ ಕೊಳೆತಿತ್ತು. ವಾಸನೆಗೆ ಅಪ್ಪ ಎದ್ದು ಅಂಗಳಕ್ಕೆ ಹೋದ. ಹೊತ್ತು ಮುಳುಗುವ ಮೊದಲು ನಾವು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದೆವು. ಬೆರಳು ತೆಗೆದರು, ಪಾದ ಉಳಿಯಿತು. ಹೊರಡುವ ದಿನ ಡಾಕ್ಟರು ಎಡಗಾಲಿನ ಉಂಗುರವನ್ನೂ ತೆಗೆಸಿಬಿಡಿ, ಇಲ್ಲದಿದ್ದರೆ ಆ ಕಾಲಿಗೂ ಇದೇ ಗತಿ ಎಂದರು. “ಒಂದಾರ ಇರಲಿ” ಎಂದಳು ಅವ್ವ. ಅವಳೊಂದಿಗೆ ಜಗಳವಾಡಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಹನ್ನೊಂದು ದಿನ ಮಲಗಿ ಎದ್ದವಳು ನಾನು.

ಮನೆಗೆ ಬಂದ ಮೇಲೆ ಕೆಲಸ ಎರಡರಷ್ಟಾಯಿತು. ಬಲಗಾಲಿಗೆ ಪಟ್ಟಿ ಕಟ್ಟುವುದು, ಎಡಗಾಲು ತೊಳೆಯುವುದು. ಅಷ್ಟೆಲ್ಲ ಆದ ಮೇಲೂ ನಾನು ಎಡಗಾಲಿನ ಉಂಗುರದ ಸುತ್ತಲೇ ತೊಳೆಯುತ್ತಿದ್ದೆ. ನನಗೆ ಬುದ್ಧಿ ಬಂದಿರಲಿಲ್ಲ ಎಂದಲ್ಲ. ಅವಳು “ನಿನ್ನ ಕೈ ಬ್ಯಾಡ” ಎಂದದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ. ಮುಂದಿನ ಸಲ ಪಾದವೇ ಹೋದರೆ ಎಂಬ ಹೆದರಿಕೆಯೂ ಅದರ ಜೊತೆಗೇ ಇತ್ತು. ಹೆದರಿಕೆ ಇಟ್ಟುಕೊಂಡೇ ಸುತ್ತ ತೊಳೆಯುತ್ತಿದ್ದೆ.

ಹಾಗೇ ಒಂದು ಬೆಳಿಗ್ಗೆ ಅವ್ವ ಕೇಳಿದಳು, “ಆವತ್ತ ನಿನ್ನ ಕಾಲುಂಗ್ರಾ ಯಾರ ತಗದ್ರು?”

ನನ್ನ ಕೈ ನೀರಿನಲ್ಲೇ ನಿಂತಿತು. ನನ್ನ ಗಂಡ ಸತ್ತಾಗ ಅವ್ವ ಹೊಸ್ತಿಲು ದಾಟುವ ಸ್ಥಿತಿಯಲ್ಲಿರಲಿಲ್ಲ, ಅಪ್ಪನೊಬ್ಬನೇ ಬಂದಿದ್ದ. ಆರು ವರ್ಷದಲ್ಲಿ ಆ ದಿನದ ಬಗ್ಗೆ ಅವಳು ಒಂದು ಮಾತೂ ಕೇಳಿರಲಿಲ್ಲ.

“ಹೆಂಗಸ್ರೆಲ್ಲಾ ಸುತ್ತ ನಿಂತಿದ್ರು. ಯಾರೂ ಮುಂದ ಬರ್ಲಿಲ್ಲ. ನಾನ ತಗದ್ನಿ.”

“ನೀನ?”

“ಹೂಂ.”

ನಾನು ಮತ್ತೆ ತೊಳೆಯತೊಡಗಿದೆ.

“ನಾ ಬರಬೇಕಾಗಿತ್ತು” ಎಂದಳು.

“ನಿನಗೆಲ್ಲಿ ಬರಾಕ ಆಗ್ತಿತ್ತು ಬೇ.”

“ಆದ್ರೂ ಬರಬೇಕಾಗಿತ್ತು.”

ಅವಳು ಎಡಗಾಲನ್ನು ನೀರಿನಿಂದ ಎತ್ತಿದಳು. ತಾನಾಗಿಯೇ, ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು, ಅದನ್ನು ನನ್ನ ಮಡಿಲಲ್ಲಿ ಇಟ್ಟಳು. ಸೀರೆಯೆಲ್ಲ ತೋಯ್ದಿತು.

“ಇದನ್ನೂ ತಗಿ. ನಿನ್ನ ಕೈಲೇ ತಗಿ.”

ಇಕ್ಕಳ ಬೇಕಾಗಲಿಲ್ಲ. ಸಾಬೂನು ಹಚ್ಚಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದೆ, ಉಂಗುರ ಬಂತು. ಅದಿದ್ದ ಜಾಗ ಬೆಳ್ಳಗೆ, ಮೆತ್ತಗೆ ಇತ್ತು. ಗಾಯ ಇರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ, ಎಲ್ಲೂ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ಬೆರಳನ್ನು ಸುತ್ತಲೂ ಒರೆಸಿದೆ. ಒರೆಸುವಾಗ ಅಳು ಬಂತು. ಅವ್ವ ನೋಡುತ್ತಿದ್ದಳು, ನಾನು ಮುಖ ತಿರುಗಿಸಲಿಲ್ಲ.