ಬಾಗಿಲ ಬಳಿಯ ದಿವಾನ ಮತ್ತು ದೊಡ್ಡ ಟಿವಿ

ಕಲಬುರಗಿಯ ಅಂಗಡಿಯಲ್ಲಿ ನನ್ನ ಗಂಡ ಟಿವಿ ನೋಡಿದ ರೀತಿ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಗೋಡೆಯ ಉದ್ದಕ್ಕೂ ಸಾಲಾಗಿ ಹಚ್ಚಿದ ಪರದೆಗಳ ಮುಂದೆ ಉಳಿದ ಗಿರಾಕಿಗಳೆಲ್ಲ ದೂರ ನಿಂತು, ಕೈಕಟ್ಟಿಕೊಂಡು ನೋಡುತ್ತಿದ್ದರು. ಇವರು ಮಾತ್ರ ಎಲ್ಲಕ್ಕಿಂತ ದೊಡ್ಡದರ ಹತ್ತಿರ ಹೋಗಿ, ಗಲ್ಲ ಗೋಡೆಗೆ ತಾಗುವಷ್ಟು ಬಾಗಿ, ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿದರು. ಆಮೇಲೆ ಇನ್ನೊಂದು ಮಗ್ಗುಲಿಂದಲೂ ಹಾಗೆಯೇ.

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಷೀನು ಇಟ್ಟುಕೊಂಡವರು ಅವರು. ಕಲ್ಲಿನ ಹೊಳಪನ್ನು ನೋಡುವುದು ಹಾಗೆಯೇ. ಕಲ್ಲಿನ ಮೇಲೆ ಬೆಳಕು ಅಡ್ಡ ಹರಿಯುವಂತೆ ನಿಂತು, ಮುಖವನ್ನು ಹತ್ತಿರ ಒಯ್ದು, ಎಲ್ಲಿಯಾದರೂ ಗೀರು ಉಳಿದಿದೆಯೇ ಎಂದು ಹುಡುಕುವುದು. ನಮ್ಮೂರಿನ ಗಂಡಸರು ಕನ್ನಡಕ ಕೊಳ್ಳುವಾಗಲೂ ಅದನ್ನು ಬೆಳಕಿಗೆ ಓರೆ ಹಿಡಿದು ನೋಡುತ್ತಾರೆ.

“ನೋಡಿಲ್ಲಿ, ಒಂದ್ ಚುಕ್ಕಿ ಸುದ್ದಾ ಕಾಣಂಗಿಲ್ಲ. ಎಷ್ಟ್ ನುಣ್ಣಗ ಅದ!” ಎಂದು ನನ್ನನ್ನು ಕರೆದರು.

“ಫೋರ್ ಕೆ ಅದರಿ ಸರ್,” ಎಂದ ಅಂಗಡಿಯವನು. “ನಿಮ್ಮ ಫುಲ್ ಎಚ್‌ಡಿಗಿಂತ ನಾಕ್ ಪಟ್ಟು ಚುಕ್ಕಿ ಇರ್ತಾವ.”

“ಸ್ವಲ್ಪ ಹಿಂದ ಬಂದ್ ನೋಡ್ರಿ,” ಎಂದೆ ನಾನು.

“ಹಿಂದ ಬಂದ್ರ ಎಲ್ಲಾ ಒಂದೇ ಕಾಣ್ತಾವ. ಹತ್ತಿರ ಹೋದಾಗೇ ಮಾಲು ಗೊತ್ತಾಗೋದು.”

ಅವರು ಬಹಳ ಖಚಿತವಾಗಿ ಹೇಳಿದರು. ಹಿಂದೆ ಬಂದರೆ ಎಲ್ಲಾ ಒಂದೇ ಎಂಬ ಮಾತನ್ನು ನಾನು ಮನಸ್ಸಿನಲ್ಲಿ ತೆಗೆದಿಟ್ಟುಕೊಂಡೆ. ಏಕೆಂದರೆ ನಮ್ಮ ಮನೆಯಲ್ಲಿ ಟಿವಿ ನೋಡುವವರು ಹಿಂದೆ ಕೂರುವವರೇ.

ಹೊಸ ಟಿವಿಯ ಮಾತು ಶುರುವಾದದ್ದು ಅತ್ತೆಯಿಂದ. ಕೆಲವು ದಿನಗಳಿಂದ ಅವರು ಒಂದೇ ದೂರು ಹೇಳುತ್ತಿದ್ದರು: “ಮಾರಿ ಬೆಳ್ಳಗ ಕಾಣ್ತಾವಪ್ಪಾ. ಸೊಸಿ ಅಳಾಕತ್ತಾಳೋ ನಗಾಕತ್ತಾಳೋ ತಿಳಿವಲ್ದು.” ಅವರು ಹೇಳುವ ಸೊಸೆ ನಾನಲ್ಲ, ಧಾರಾವಾಹಿಯವಳು. ಕಣ್ಣಿನ ಡಾಕ್ಟರು ಈಚೆಗಷ್ಟೇ ನೋಡಿ, ಚಷ್ಮಾ ಬದಲಿಸಿ, ಕಣ್ಣು ಚೆನ್ನಾಗಿವೆ ಎಂದಿದ್ದರು. ಹಾಗಾದರೆ ತಪ್ಪು ಟಿವಿಯದೇ, ಅದು ಹಳತಾಯಿತು ಎಂದು ನನ್ನ ಗಂಡ ತೀರ್ಮಾನಿಸಿದರು. ಅವ್ವನಿಗೆ ಚಂದ ಕಾಣಬೇಕು, ಅಷ್ಟೇ ಅವರ ಆಸೆ. ಅದರಲ್ಲಿ ನನಗೆ ಒಂದಿಷ್ಟೂ ಸಂಶಯವಿಲ್ಲ.

ತೊಂದರೆ ಇದ್ದದ್ದು ಜಾಗದ್ದು. ನಮ್ಮದು ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆ. ಪಡಸಾಲೆಯಲ್ಲಿ ಬೀದಿ ಬಾಗಿಲಿಗೆ ನೇರ ಎದುರಿನ ಗೋಡೆಯಲ್ಲಿ ಒಂದು ಗೂಡು ಬಿಟ್ಟಿದ್ದಾರೆ. ನಮ್ಮ ಟಿವಿ ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿದೆ. ಅಂಗಡಿಯ ದೊಡ್ಡ ಪರದೆ ಆ ಗೂಡಿನಲ್ಲಿ ಹಿಡಿಸುವುದಿಲ್ಲ. ಅದನ್ನು ಒಳಗಿನ ಉದ್ದ ಗೋಡೆಗೆ ಹಚ್ಚಬೇಕು. ಆಗ ಅತ್ತೆಯ ದಿವಾನವೂ ಬಾಗಿಲು ಬಿಟ್ಟು ಒಳಕ್ಕೆ ಸರಿಯಬೇಕು.

ಆ ದಿವಾನ ಬಾಗಿಲಿಗೆ ಒತ್ತಿಕೊಂಡೇ ಇದೆ. ಅಲ್ಲಿ ಕೂತರೆ ಅತ್ತೆಯ ಒಂದು ಕಣ್ಣು ಟಿವಿಯ ಮೇಲೆ, ಇನ್ನೊಂದು ಓಣಿಯ ಮೇಲೆ. ಹೊಸ್ತಿಲಿನ ಆಚೆ, ಕಟ್ಟೆಯ ಮೇಲೆ, ಮಧ್ಯಾಹ್ನ ಧಾರಾವಾಹಿಯ ಹೊತ್ತಿಗೆ ಎದುರು ಮನೆಯ ಖಾಲಾ ಬಂದು ಕೂರುತ್ತಾರೆ. ಮೊಣಕಾಲು ನೋವು ಎಂದು ಎತ್ತರದ ಹೊಸ್ತಿಲು ದಾಟುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ದುಪಟ್ಟಾ ಅಂಚಿನಿಂದ ಬಿಸಿಲು ಮರೆ ಮಾಡಿಕೊಂಡು, ಅಲ್ಲಿಂದಲೇ ನೋಡುತ್ತಾರೆ. ಖಾಲಾ ನಮ್ಮತ್ತೆಗೆ “ಅಕ್ಕಾ” ಎನ್ನುತ್ತಾರೆ, ಅತ್ತೆ ಖಾಲಾಗೆ “ಆಪಾ” ಎನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಅಕ್ಕನೆಂದೇ ಕರೆದು, ತಾವು ಚಿಕ್ಕವರಾಗಿಯೇ ಉಳಿದಿದ್ದಾರೆ. ಅತ್ತೆಯ ಎಲೆಅಡಿಕೆಯ ಡಬ್ಬಿ ಹೊಸ್ತಿಲಿನ ಮೇಲೆ, ಇಬ್ಬರ ಕೈಗೂ ಎಟಕುವಂತೆ ಇರುತ್ತದೆ.

ದಿವಾನ ಒಳಗೆ ಹೋದರೆ ಕಟ್ಟೆಯಿಂದ ಟಿವಿ ಕಾಣದು, ದಿವಾನದಿಂದ ಕಟ್ಟೆ ಕಾಣದು.

ಮಧ್ಯಾಹ್ನ ಊಟ ಮುಗಿಸಿ ಹೊರಡುವ ಮೊದಲು ನನ್ನ ಗಂಡ ಉತ್ಸಾಹದಿಂದ ಎಲ್ಲವನ್ನೂ ವಿವರಿಸಿದಾಗ ಅತ್ತೆ ಬೇಡ ಎನ್ನಲಿಲ್ಲ. ಮಗ ಪ್ರೀತಿಯಿಂದ ತರುತ್ತೇನೆಂದದ್ದನ್ನು ಬೇಡವೆನ್ನುವ ಸ್ವಭಾವ ಅವರದಲ್ಲ. ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, “ಅಲ್ಲಿಂದ ಕಟ್ಟಿ ಕಾಣ್ತದೇನು ತಮ್ಮಾ?” ಎಂದು ಮಾತ್ರ ಕೇಳಿದರು.

“ಕಟ್ಟಿ ಎದಕ ಬೇಕವ್ವಾ? ಟಿವಿ ಅಷ್ಟ್ ದೊಡ್ಡದು ಬರ್ತದ!”

ಆಗಷ್ಟೇ ಕಟ್ಟೆಗೆ ಬಂದಿದ್ದ ಖಾಲಾ ಹೊರಗಿನಿಂದ ನಕ್ಕರು. “ಹೋಗ್ಲಿ ಬಿಡಕ್ಕಾ. ನೀ ಒಳಗ ಸಿನಿಮಾ ನೋಡು, ನಾ ಹೊರಗ ರೇಡಿಯೋ ಕೇಳ್ತೀನಿ.”

ಎಲ್ಲರೂ ನಕ್ಕೆವು. ಆದರೆ ಅಂದು ಧಾರಾವಾಹಿ ಮುಗಿದ ಮೇಲೂ ಖಾಲಾ ಬೇಗ ಏಳಲಿಲ್ಲ. ಅತ್ತೆಯೂ ಕಾಲು ಚಾಚಿ ಮಲಗಲಿಲ್ಲ. ಅದನ್ನು ನಾನು ಅಡುಗೆಮನೆಯಿಂದ ನೋಡಿದೆ. ಆ ದಿವಾನ ಅಲ್ಲಾಡಬಾರದು ಎಂದು ಆಗಲೇ ನಿಶ್ಚಯಿಸಿದೆ. ಆದರೆ ಬಾಯಲ್ಲಿ ಬೇಡ ಎಂದರೆ ನನ್ನ ಗಂಡನಿಗೆ ಅದು ಹೆಂಗಸಿನ ಹಟದಂತೆ ಕೇಳಿಸುತ್ತದೆ. ಅವರಿಗೆ ಮಾಲು ತೋರಿಸಿಯೇ ಮಾತಾಡಬೇಕು.

ಭಾನುವಾರ ಸೇಡಮಿಗೆ ಹೋಗುವ ಏರ್ಪಾಡು ಮಾಡಿದೆ. ಅಲ್ಲಿ ನಮ್ಮ ನಾದಿನಿ ಇದ್ದಾಳೆ. ಅವಳ ಗಂಡ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಹೋದ ಹಬ್ಬಕ್ಕೆ ಅವರು ಅಂಥದ್ದೇ ಫೋರ್ ಕೆ ಟಿವಿ ಕೊಂಡಿದ್ದರು. ಅತ್ತೆಯನ್ನೂ ಕರೆದುಕೊಂಡು ಹೋದೆವು. ನಾದಿನಿಯ ಗಂಡ ಪಾಳಿಗೆ ಹೋಗಿದ್ದರಿಂದ ಟಿವಿಯ ಯಜಮಾನಿಕೆ ಅವಳದೇ ಆಗಿತ್ತು. ನಾವು ಕಾಲು ತೊಳೆದು ಕೂರುವುದರೊಳಗೆ, ಅಂಗಡಿಯವರು ಕೊಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ ಒಂದು ಜಲಪಾತ ಹಚ್ಚಿದಳು. ನಿಜ ಹೇಳಬೇಕು, ಅದು ಅದ್ಭುತವಾಗಿತ್ತು. ಎಲೆಯ ಮೇಲಿನ ಹನಿ, ಹನಿಯೊಳಗೆ ಆಕಾಶ ಕಾಣುತ್ತಿತ್ತು.

“ಇದು ನಮ್ಮ ಚಿಂಚೋಳಿ ಕಡೀದೇನವ್ವಾ?” ಎಂದರು ಅತ್ತೆ.

“ಅಲ್ಲವ್ವಾ, ಪರದೇಶದ್ದು.”

“ಚಿಂಚೋಳ್ಯಾಗೂ ಹಿಂಗೇ ನೀರು ಬೀಳ್ತದ. ಇರ್ಲಿ, ಈಗ ನಂದು ಹಚ್ಚು.”

ಅತ್ತೆಯದು ಎಂದರೆ ಅದೇ ಧಾರಾವಾಹಿ. ಭಾನುವಾರ ಹಿಂದಿನ ಕಂತುಗಳನ್ನೆಲ್ಲ ಒಟ್ಟಿಗೆ ಹಾಕುತ್ತಾರೆ. ನಾದಿನಿ ಕೇಬಲ್ಲಿಗೆ ಬದಲಿಸಿದಳು. ಜಲಪಾತದ ಜಾಗದಲ್ಲಿ ಸೊಸೆಯ ಮುಖ ಬಂತು. ಅಗಲವಾಗಿತ್ತು, ಆದರೆ ನೀರು ಹೆಚ್ಚಾದ ಸಾರಿನಂತೆ ತೆಳ್ಳಗೆ. ಕಿವಿಯ ಓಲೆ ಕೆನ್ನೆಯೊಳಗೆ ಕರಗಿತ್ತು.

“ಮಾರಿ ದೊಡ್ಡದಾಗ್ಯಾದ, ಖರೇ. ಮೂಗು ಎಲ್ಲಿ ಹೋತು?” ಎಂದರು ಅತ್ತೆ.

ನಾದಿನಿಗೆ ತುಸು ಸಿಟ್ಟು ಬಂತು. “ಕೇಬಲ್‌ನಾಗ ಬರೋದೇ ಹಂಗವ್ವಾ. ಟಿವಿ ಏನ್ ಮಾಡ್ತದ? ನೆಟ್‌ನಾಗ ಹಚ್ಚಿದ್ರ ಚಂದ ಬರ್ತದ.”

“ಹಚ್ಚು ಮತ್ತ,” ಎಂದರು ನನ್ನ ಗಂಡ.

“ಈಗ ಬ್ಯಾಡಣ್ಣಾ. ನಮ್ಮ ಓಣ್ಯಾಗ ಈ ಹೊತ್ತಿಗೆ ನೆಟ್ ಬರಂಗಿಲ್ಲ, ಬರೇ ಚಕ್ರ ತಿರಗ್ತದ.” ಹಾಗೆಂದು ತಾನೇ ನಕ್ಕುಬಿಟ್ಟಳು. “ವೈನಿ, ನಾವೂ ಮಂದಿ ಬಂದಾಗ ಜಲಪಾತಾನೇ ತೋರಿಸ್ತೀವಿ.”

ನಾನು ಇದಕ್ಕೇ ಕಾಯುತ್ತಿದ್ದೆ. ಜಲಪಾತವನ್ನೇ ಮತ್ತೆ ಹಚ್ಚಿಸಿ, ನನ್ನ ಗಂಡನಿಗೆ ಹೇಳಿದೆ: “ನಮ್ಮ ಮನ್ಯಾಗ ಗೂಡಿನಿಂದ ಅತ್ತಿಯವರ ದಿವಾನಕ್ಕ ಏಳು ಫರಸಿ. ಇಲ್ಲಿ ಏಳು ಫರಸಿ ಎಲ್ಲಿಗೆ ಬರ್ತದ ನೋಡ್ರಿ.” ಫರಸಿಯ ಅಳತೆ ಅವರ ಕಣ್ಣಿನಲ್ಲೇ ಇದೆ. ನಾದಿನಿಯ ಮನೆಯ ಟೈಲ್ಸಿನ ಕಡೆ ಒಂದು ತಾತ್ಸಾರದ ನೋಟ ಬೀರಿ, ಅಡುಗೆಮನೆಯ ಬಾಗಿಲಿನ ತನಕ ನಡೆದು, ಅಲ್ಲಿ ಕುರ್ಚಿ ಹಾಕಿಕೊಂಡು ಕೂತರು.

“ಹ್ಯಾಂಗ್ ಕಾಣ್ತದ್ರಿ?”

“ಛಲೋ ಕಾಣ್ತದ.”

“ನಮ್ಮನಿಯದಕ್ಕಿಂತ?”

“ದೊಡ್ಡದ್ ಕಾಣ್ತದ.”

“ನುಣ್ಣಗ?”

ಅವರು ಕಣ್ಣು ಕಿರಿದು ಮಾಡಿದರು. ಒಂದು ಕಣ್ಣು ಮುಚ್ಚಿಯೂ ನೋಡಿದರು. “ಅಲ್ಲೇ ಹತ್ತಿರ ಹೋದ್ರ ನುಣ್ಣಗ.”

“ನಿಮ್ಮ ಗಿರಾಕಿ ಕುಕ್ಕರಗಾಲಿಲೆ ಕುಂತು ಫರಸಿ ಮ್ಯಾಲ ಉಗುರಿಲೆ ಕೆರೆದು ನೋಡಿದ್ರ ಏನಂತೀರಿ ನೀವು?”

ಅದು ಅವರ ಬಾಯಿಪಾಠದ ಮಾತು. ಒಲ್ಲದ ಮನಸ್ಸಿನಿಂದ ಹೇಳಿದರು: “ನಿಂತ್ ನೋಡ್ರಿ, ಅಡ್ಡಾಡೋರು ಕುಂತ್ ನೋಡಂಗಿಲ್ಲ.” ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ, ಚಿತ್ತಾಪುರ ದಾಟಿದ ಮೇಲೆ, ನನ್ನ ಗಂಡ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. “ಎಲ್ಲಾ ಖರೇ. ಆದ್ರ ಅವ್ವಗ ಕಾಣಂಗಿಲ್ಲಲ್ಲ? ಅದಕ್ಕೇನ್ ಮಾಡ್ತಿ?”

ಅದಕ್ಕೆ ಉತ್ತರ ಹುಡುಕುವ ದಾರಿ ನನಗೆ ಗೊತ್ತಿತ್ತು. ನಾನು ಓದಿದ್ದು ವಾಡಿಯ ಕಾನ್ವೆಂಟಿನಲ್ಲಿ. ಬೋರ್ಡು ಕಾಣುವುದಿಲ್ಲ ಎಂದು ಹಿಂದಿನ ಬೆಂಚಿನವರು ಹೇಳಿದರೆ, ನಮ್ಮ ಸಿಸ್ಟರ್ ಬೈಯುತ್ತಲೂ ಇರಲಿಲ್ಲ, ಅಕ್ಷರ ದೊಡ್ಡದು ಮಾಡುತ್ತಲೂ ಇರಲಿಲ್ಲ. ಬಿಳಿ ನಿಲುವಂಗಿ ಒತ್ತಿಕೊಂಡು ನಮ್ಮ ನಡುವೆ ಬಂದು ಕೂತು, ತಾವೇ ಒಮ್ಮೆ ಬೋರ್ಡು ನೋಡುತ್ತಿದ್ದರು. ಅದಾದ ಮೇಲೇ ಮಾತು.

ಸೋಮವಾರ ಮಧ್ಯಾಹ್ನ ಅತ್ತೆಯನ್ನು ತುಸು ಸರಿಯಲು ಹೇಳಿ, ದಿವಾನದ ಮೇಲೆ ಅವರದೇ ಜಾಗದಲ್ಲಿ ಕೂತೆ. ಮದುವೆಯಾಗಿ ಬಂದಾಗಿನಿಂದ ಆ ಹೊತ್ತಿನಲ್ಲಿ ನಾನು ಅಲ್ಲಿ ಕೂತದ್ದೇ ಇಲ್ಲ. ಅದು ನನ್ನ ಪಾತ್ರೆ ತಿಕ್ಕುವ ಹೊತ್ತು. ಟಿವಿಯಲ್ಲಿ ಮುಖಗಳು ನಿಜಕ್ಕೂ ಬೆಳ್ಳಗಿದ್ದವು, ಹಿಟ್ಟು ಬಳಿದಂತೆ. ರಾತ್ರಿ ಊಟದ ಹೊತ್ತಿಗೆ ಇದೇ ಟಿವಿ ಇದೇ ಜನರನ್ನು ಚೆನ್ನಾಗಿ ತೋರಿಸುತ್ತದೆ, ಆಗ ಅತ್ತೆಯೂ ದೂರುವುದಿಲ್ಲ. ಇದು ನನಗೆ ಯಾಕೆ ಮೊದಲೇ ಹೊಳೆಯಲಿಲ್ಲವೋ! ಟಿವಿಯ ಸುತ್ತಲಿನ ಗೋಡೆ ನೋಡಿದೆ. ಅಲ್ಲಿಯೂ ಬೆಳಕು, ಕೊಡದ ನೀರಿನ ಮೇಲೆ ಆಡಿದಂತೆ ಅಲುಗುತ್ತಿತ್ತು. ನಮ್ಮ ಬಾಗಿಲು ಪಡುವಣಕ್ಕಿದೆ. ಬಿಸಿಲು ಬಾಗಿಲಿನಿಂದ ಒಳಬಂದು ನೆಲಕ್ಕೆ ಬಿದ್ದು, ನೆಲದಿಂದ ಪುಟಿದು, ನೇರ ಗೂಡಿಗೆ ಹೋಗುತ್ತಿತ್ತು.

ನೆಲ! ಬೇಸಿಗೆಯ ಮೊದಲು ನನ್ನ ಗಂಡ ಪಡಸಾಲೆಯ ಹಳೆಯ ಫರಸಿ ಕಿತ್ತು, ತಾವೇ ಆರಿಸಿದ ಕಲ್ಲು ಹಾಕಿಸಿ, ತಮ್ಮ ಮಷೀನನ್ನೇ ಮನೆಗೆ ತಂದು ಪಾಲಿಶ್ ಮಾಡಿಸಿದ್ದರು. ಬಂದವರೆಲ್ಲ “ನಿಮಗ ಕನ್ನಡಿ ಬ್ಯಾಡ್ರಿ” ಎಂದು ಹೊಗಳಿದ್ದರು. ಅತ್ತೆಯ ದೂರು ಶುರುವಾದದ್ದೂ ಆ ಬೇಸಿಗೆಯಲ್ಲೇ. ಮಧ್ಯಾಹ್ನ ನನ್ನ ಗಂಡ ಊಟ ಮುಗಿಸಿ ಧಾರಾವಾಹಿಗೆ ಮೊದಲೇ ಹೊರಟುಬಿಡುತ್ತಿದ್ದರು, ಹೀಗಾಗಿ ಅವರು ಇದನ್ನು ನೋಡಿದವರೇ ಅಲ್ಲ. ಕಲ್ಲನ್ನು ಕನ್ನಡಿ ಮಾಡಿ, ಆಮೇಲೆ ಟಿವಿಯನ್ನು ದೂರುವುದು ಶಹಾಬಾದಿನ ಮನೆಯಲ್ಲಿ ಮಾತ್ರ ನಡೆದೀತು.

ಪೆಟ್ಟಿಗೆಯಿಂದ ಅತ್ತೆಯೇ ಹೊಲಿದ ಕೌದಿ ತೆಗೆದೆ. ಹಳೆಯ ಇಳಕಲ್ ಸೀರೆಗಳದ್ದು, ಕಡುನೀಲಿ. ಬಿಸಿಲು ಬಿದ್ದ ಜಾಗದ ಮೇಲೆ ಹಾಸಿದೆ. ಗೋಡೆಯ ಮೇಲಿನ ಬೆಳಕು ದೀಪ ಆರಿಸಿದಂತೆ ಹೋಯಿತು.

“ಯವ್ವಾ! ಇಕಿ ಹಸುರು ಸೀರಿ ಉಟ್ಟಾಳಲ್ಲ!” ಎಂದರು ಅತ್ತೆ.

ಮರುದಿನ ಊಟಕ್ಕೆ ಬಂದ ಗಂಡನನ್ನು ಚಹಾದ ನೆಪದಲ್ಲಿ ನಿಲ್ಲಿಸಿಕೊಂಡೆ. ಧಾರಾವಾಹಿ ಶುರುವಾಗಿತ್ತು, ಖಾಲಾ ಕಟ್ಟೆಯಲ್ಲಿದ್ದರು. ಕೌದಿ ಮಡಚಿದೆ, ಮುಖಗಳು ಬೆಳ್ಳಗಾದವು. ಹಾಸಿದೆ, ಬಣ್ಣ ಬಂತು. ಮತ್ತೊಮ್ಮೆ ಮಡಚಿದೆ.

“ಸಾಕು, ತಿಳೀತು,” ಎಂದರು. ಆಮೇಲೆ ಬಗ್ಗಿ ನೆಲವನ್ನು ಓರೆಯಾಗಿ ನೋಡಿದರು. “ನನ್ನ ಪಾಲಿಶಿಗೆ ಹೆಸರು ಇಡಾಕತ್ತಿ ಏನು?”

“ಇಲ್ರಿ. ಅಷ್ಟ್ ಛಲೋ ಆಗ್ಯಾದ ಅಂತ ಹೇಳಾಕತ್ತೀನಿ.”

ಅವರಿಗೆ ಅದು ಒಪ್ಪಿತವಾಯಿತು. ಕೊಡುವುದಾದರೆ ಕಲ್ಲಿಗೆ ಕೊಡಬೇಕಾದ ಹೊಗಳಿಕೆಯೇ ಅದು.

ಈಗ ಓಣಿಯವರು ಯಾರಾದರೂ ದೊಡ್ಡ ಟಿವಿ ತರಲೇ ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಹತ್ತಿರ ಕೂರುವವರಾದರೆ, ಮನೆಗೆ ಗಟ್ಟಿ ನೆಟ್ ಬರುವುದಾದರೆ, ಅದರಲ್ಲಿ ಹೊಸ ಸಿನಿಮಾ ನೋಡುವವರಾದರೆ, ಧಾರಾಳವಾಗಿ ತನ್ನಿ, ಚಂದವಾಗಿದೆ. ನಮ್ಮಂತೆ ದೂರ ಕೂತು ಕೇಬಲ್ ನೋಡುವವರಾದರೆ ಇನ್ನೂ ಬೇಡ. ನಮ್ಮದು ಕೆಟ್ಟ ದಿನ ಹೊಸದು ಬರಲಿ, ಆಗ ಅಂಗಡಿಯಲ್ಲಿ ಇರುವುದೆಲ್ಲ ಬಹುಶಃ ಫೋರ್ ಕೆಯೇ ಆಗಿರುತ್ತದೆ. ಆದರೂ ಗೂಡಿನಲ್ಲಿ ಹಿಡಿಸುವಂಥದ್ದೇ ಬರಬೇಕು. ಮೊದಲು ನೋಡುವವರ ಜಾಗದಲ್ಲಿ ನೋಡುವ ಹೊತ್ತಿಗೆ ಕೂತು ನೋಡಿ ಎಂದೂ ಸೇರಿಸುತ್ತೇನೆ.

ಆ ದಿನ ನಾನು ಕೌದಿಯನ್ನು ಮತ್ತೆ ಹಾಸಿದ ಮೇಲೂ ನನ್ನ ಗಂಡ ಚಹಾದ ಕಪ್ಪು ಹಿಡಿದು ಅಲ್ಲೇ ನಿಂತಿದ್ದರು. ಪರದೆಯಲ್ಲಿ ಸೊಸೆ ಅತ್ತೆಮನೆಯ ಬಾಗಿಲಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದಳು.

“ಪಾಪ, ಅಳಾಕತ್ತಾಳ ಆಪಾ,” ಎಂದರು ದಿವಾನದ ಮೇಲಿನಿಂದ ಅತ್ತೆ.

ಖಾಲಾ ಹೊಸ್ತಿಲಿನಾಚೆಯಿಂದ ಕತ್ತು ಚಾಚಿದರು. “ನಕ್ಕೋ ಅಕ್ಕಾ, ಝೂಟ್! ಕಣ್ಣಾಗ ನೀರ್ ಬಂದದ, ಮೂಗು ಕೆಂಪಾಗಿಲ್ಲ.”

“ಹೌದಲ್ಲ! ಇಷ್ಟ್ ದಿನ ಸುಮ್ನ ಮರುಗಿದ್ನಲ್ಲ ಇಕಿ ಸಲುವಾಗಿ!”

ಇಬ್ಬರ ಕೈಯೂ ಒಟ್ಟಿಗೆ ಡಬ್ಬಿಗೆ ಹೋಯಿತು. ನನ್ನ ಗಂಡ ಕಪ್ಪನ್ನು ನನಗೆ ಕೊಟ್ಟು, ಚಪ್ಪಲಿ ಮೆಟ್ಟುವ ಮೊದಲು, ಕೌದಿಯ ಮಡಚಿಕೊಂಡಿದ್ದ ಒಂದು ಮೂಲೆಯನ್ನು ಬಗ್ಗಿ ಸರಿಮಾಡಿದರು. ಬಿಸಿಲು ತುಸು ಸರಿದಿತ್ತು. ಕೌದಿಯನ್ನೂ ಅಷ್ಟೇ ಸರಿಸಿ ಮಷೀನಿನ ಕಡೆ ಹೊರಟರು.